ಹನ್ನೆರಡು ವರ್ಷ ನಿಲ್ಲದ ಗಾಣ

ಡುಂ ಡುಂ ಡುಂ!

"ಕೇಳ್ರಪ್ಪೋ ಕೇಳಿ! ಸಿಹಿಗೆರೆ ಸಿಂಗರಸರ ಮಗಳು ನಾಗಲಾಂಬೆಯೋರು ಮೂರು ಒಗಟು ಹಾಕ್ತಾರೆ! ಬಿಡಿಸಿದೋನಿಗೆ ರಾಜಕುಮಾರಿ, ಮೇಲೆ ಅರ್ಧ ರಾಜ್ಯ! ತಪ್ಪಿದೋನಿಗೆ ಬರೋ ಅಮಾವಾಸ್ಯೆಗೆ ತಲೆದಂಡ!"

ಡಂಗುರದೋನು ಕೂಗ್ತಾ ಹೋದ. ಅರಮನೆ ಗಾಣಕ್ಕೆ ಕಬ್ಬು ಕೊಡ್ತಾ ಕೂತಿದ್ದ ಸಣ್ಣೀರ ಕತ್ತು ಎತ್ತಲಿಲ್ಲ. ಆ ಗಾಣದ ಮುಂದೆ ಕೂತೋನು ಕಣ್ಣು ಆಚೆ ಈಚೆ ಮಾಡೋ ಹಾಗಿರಲಿಲ್ಲ.

ಎಂಥ ಗಾಣ ಅಂತೀರಿ! ಒಂದೊಂದು ಉರುಳೆ ತೆಂಗಿನ ಮರದಷ್ಟು ಎತ್ತರ. ಎಳೆಯೋಕೆ ಎಂಬತ್ತು ಜೋಡಿ ಎತ್ತು. ನಂಬೋಕಾಗಲ್ಲ ಅಂದ್ರೆ ಎಪ್ಪತ್ತೊಂಬತ್ತು ಅಂದ್ಕೊಳ್ಳಿ, ಅದಕ್ಕಿಂತ ಕಮ್ಮಿ ಇಲ್ಲ. ಅದರ ಕಿರ್ರೋ ಸದ್ದಿಗೆ ಪಕ್ಕದ ರಾಜ್ಯದ ಹಾಲು ಒಡೀತಿತ್ತು. ಹಗಲೂ ರಾತ್ರಿ ಹನ್ನೆರಡು ವರ್ಷ ಒಂದು ಗಳಿಗೆ ನಿಂತಿದ್ದಿಲ್ಲ. ರಾಜನಿಗೆ ಅದೇ ದೊಡ್ಡಸ್ತಿಕೆ. ಎತ್ತು ಎಳೆಯೋ ತೊಲೆಗೂ ಉರುಳೆಗೂ ನಡುವೆ ಎರಡನ್ನೂ ಜೋಡಿಸೋ ಒಂದು ಗೂಟ. ಅದನ್ನ ಕಿತ್ತರೆ ಎತ್ತು ಸುತ್ತುತ್ವೆ, ಉರುಳೆ ನಿಲ್ಲುತ್ತೆ. ರಾಜ ಆ ಗೂಟಕ್ಕೆ ಬೆಳ್ಳಿ ಹೊದಿಸಿ, ಮುದ್ರೆ ಒತ್ತಿಸಿ, ದಿನಾ ಹೂವು ಹಾಕಿಸ್ತಿದ್ದ. ಮುಟ್ಟಿದೋರ ಕೈ ಕತ್ತರಿಸಿ ಅಂತ ಅಪ್ಪಣೆ.

ಸಣ್ಣೀರನ ಅಕ್ಕ ಸಾಕಿ ಹೋದ ವರ್ಷ ಅಲ್ಲೇ ಸತ್ತಳು. ರಾಜಕುಮಾರಿಯ ಬಲಗೈ ಹೋಗಿದ್ದೂ ಅವತ್ತೇ. ಮಾರನೇ ದಿನ ಇದೇ ಡಂಗುರ ಕೂಗಿತ್ತು: "ಸಾಕಿ ಅನ್ನೋಳು ಮೈಮರೆತು ಗಾಣಕ್ಕೆ ಸಿಕ್ಕಿ, ರಾಜಕುಮಾರಿ ಕೈನೂ ಕಳೆದಳು! ಇನ್ನು ಆ ಮಾತು ಯಾರೂ ಎತ್ತಕೂಡದು!" ಅವತ್ತಿಂದ ಸಣ್ಣೀರನ ಅವ್ವ ಬಾವಿಕಟ್ಟೆಗೆ ಹೋಗೋದು ಬಿಟ್ಟಳು.

ರಾಜಕುಮಾರರು ಆನೆ ಮೇಲೆ ಆನೆ ಹೇರಿಕೊಂಡು ಬಂದ್ರು. ನಾಗಲಾಂಬೆ ಬಲದ ತೋಳನ್ನ ಸೆರಗಲ್ಲಿ ಮುಚ್ಚಿಕೊಂಡು ಕೇಳ್ತಿದ್ದಳು:

"ಬೆರಳು ಕೊಟ್ರೆ ತೋಳು ಹಿಡಿಯುತ್ತೆ. ಅದಕ್ಕೆ ಕೋಪ ಇಲ್ಲ, ಹಸಿವಿಲ್ಲ, ಬಿಡು ಅಂದ್ರೆ ಕೇಳೋಕೆ ಕಿವಿ ಇಲ್ಲ. ಏನದು?"

"ಹೆಂಡತಿ!" ಅಂದ ಒಬ್ಬ ದಪ್ಪ ಮೀಸೆಯೋನು. ಸಭೆಯೆಲ್ಲ ನಕ್ಕಿತು. ಅವಳು ನಗಲಿಲ್ಲ. ಮೀಸೆ ಸೆರೆಮನೆ ಸೇರಿತು.

"ಮೊಸಳೆ," ಅಂದ ಇನ್ನೊಬ್ಬ.

"ಮೊಸಳೆಗೆ ಹಸಿವಿದೆ," ಅಂದಳು. ಅವನೂ ಒಳಗೆ.

ಹೀಗೆ ಮೂವತ್ತು ಜನ. ಆ ಒಗಟು ಬಾಯಿಂದ ಬಾಯಿಗೆ ಬಂದು ಗಾಣದ ಹತ್ತಿರ ಬಿತ್ತು. ಸಣ್ಣೀರನ ಕೈಯಲ್ಲಿದ್ದ ಕಬ್ಬು ಅಲ್ಲೇ ನಿಂತುಬಿಡ್ತು.

ಮನೆಗೆ ಬಂದು ಮುಖ ತೊಳೆದ. ಸಭೆಗೆ ಹೊರಟಿದ್ದಾನೆ ಅಂತ ಅವ್ವನಿಗೆ ಗೊತ್ತಾಯ್ತು.

"ಒಬ್ಬಳು ಹೋಗಿದ್ದು ಸಾಲದಾ ಮಗ?"

"ಅವಳಾಗಿ ಹೋಗ್ಲಿಲ್ಲ ಕಣವ್ವ. ಅದ ಹೇಳಿ ಬತ್ತೀನಿ."

ಸಭೆಯಲ್ಲಿ ನಿಂತಾಗ ಅವನ ಮೈಗೆಲ್ಲ ನೊಣ ಮುತ್ತಿತ್ತು, ಅಷ್ಟು ಕಬ್ಬಿನ ಹಾಲು. "ಇವನನ್ನ ಹಿಂಡಿದ್ರೆ ಒಂದು ಅಚ್ಚು ಬೆಲ್ಲ ಬರುತ್ತೆ," ಅಂದ ಮಂತ್ರಿ.

"ಗಾಣದ ಬಾಯಿ ತಾಯಿ," ಅಂದ ಸಣ್ಣೀರ. "ಎರಡು ಉರುಳೆ ನಡುವಿನ ಸಂದು. ಅದಕ್ಕೆ ಕಬ್ಬೂ ಒಂದೇ, ಕೈಯೂ ಒಂದೇ. ಕಬ್ಬನ್ನ ಮಾರುದ್ದ ದೂರದಿಂದ ಕೊಡಬೇಕು. ಮೋಟು ತುಂಡನ್ನ ಕೋಲಲ್ಲಿ ತಳ್ಳಬೇಕು."

ನಾಗಲಾಂಬೆ ಹೌದು ಅಂತ ತಲೆಯಾಡಿಸಿದಳು. "ಎರಡನೇದು. ಒಡೆದ್ರೆ ಕಾಯುತ್ತೆ, ಒಡೆಯದಿದ್ರೆ ಕೊಲ್ಲುತ್ತೆ. ಏನು?"

"ಬಳೆ ತಾಯಿ. ಗಾಜಿಂದಾಗಿದ್ರೆ ಚೂರಾಗಿ ಕೈ ಬಿಟ್ಟುಕೊಡ್ತಿತ್ತೇನೋ. ಹೋದ ವರ್ಷ ಹೊಸ ಬೆಳೆಯ ಮೊದಲ ಕಬ್ಬು ಕೊಡೋಕೆ ಬಂದಾಗ ನಿಮ್ಮ ಕೈಲಿ ಬಂಗಾರದ ಕಡಗ ಇತ್ತು. ಅದು ಒಡೀಲಿಲ್ಲ, ಕೈನ ಒಳಗೆ ಎಳೀತು. ಗಾಣದ ಮುಂದೆ ಯಾವ ಬಳೆಯೂ ಬೇಡ, ಜೋಲು ಸೆರಗೂ ಬೇಡ, ಬಿಟ್ಟ ಕೂದಲೂ ಬೇಡ. ನಮ್ಮಕ್ಕ ದಿನಾ ಸೆರಗು ಬಿಗಿದೇ ಕೂರ್ತಿದ್ದಳು. ಅವತ್ತು ನೀವು ಬರ್ತೀರಿ ಅಂತ ಮರ್ಯಾದೆಗೆ ತಲೆ ಮೇಲೆ ಹೊದ್ದಿದ್ದಳು. ನಿಮ್ಮನ್ನ ಎಳೆಯೋಕೆ ಬಗ್ಗಿದ್ಲು. ಆ ಸೆರಗು ಸಿಕ್ಕೊಂತು."

ರಾಜ ಸಿಂಹಾಸನದಲ್ಲಿ ಮುಂದಕ್ಕೆ ಬಾಗಿದ. "ಲೋ, ನಾಲಿಗೆ ಬಿಗಿ ಹಿಡಿ!"

"ಮೂರನೇದು," ಅಂದಳು ಮಗಳು, ಅಪ್ಪನ ಕಡೆ ನೋಡದೆ. "ಎಲ್ಲರ ಕಣ್ಣ ಮುಂದೆ ಇತ್ತು. ಎಲ್ಲರೂ ಕೈ ಮುಗಿದ್ರು. ಮುಟ್ಟಿದ್ರೆ ಒಂದು ಜೀವ ಉಳೀತಿತ್ತು. ಯಾರೂ ಮುಟ್ಟಲಿಲ್ಲ."

ಸಣ್ಣೀರ ಕಾವಲಿನೋನ ಕತ್ತಿ ನೋಡಿದ. ಅವ್ವ ನೆನಪಾದಳು.

"ಬೆಳ್ಳಿ ಗೂಟ," ಅಂದ. "ಒಂದು ಮಾರು ದೂರದಲ್ಲಿತ್ತು ಬುದ್ಧಿ. ನಮ್ಮಕ್ಕ 'ಕೀಳ್ರೋ, ಕೀಳ್ರೋ' ಅಂತ ಕೂಗ್ತಿದ್ಲು. ನಾಲ್ಕು ಜನ ಅಪ್ಪಣೆ ಕೇಳೋಕೆ ಅರಮನೆಗೆ ಓಡಿದ್ರು. ಐದನೆಯೋನು ಅಲ್ಲೇ ನಿಂತಿದ್ದ. ಅವನು ನಾನೇ. ಕೈ ಹೋಗುತ್ತೆ ಅಂತ ಹೆದರಿದೆ. ಮೈಮರೆತಿದ್ದು ಅವಳಲ್ಲ ಬುದ್ಧಿ. ನೀವು, ಆಮೇಲೆ ನಾನು."

ನಾಗಲಾಂಬೆ ಸೆರಗು ಸರಿಸಿ, ಮೊಂಡು ತೋಳನ್ನ ಅಪ್ಪನ ಮುಂದೆ ಚಾಚಿದಳು. "ಅಪ್ಪಾಜಿ, ಹೇಳಬೇಡ ಅಂದ್ರಿ, ಹೇಳಲಿಲ್ಲ. ಕೇಳಿದೆ ಅಷ್ಟೆ. ಮೂರೂ ಸರಿ."

ರಾಜ ಆ ತೋಳು ನೋಡಿದ. ಕಿರೀಟ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಅದು ಒಂದೂವರೆ ಮಣ ತೂಗ್ತಿತ್ತು, ಆದ್ರೆ ತಲೆ ಆಮೇಲೂ ಎತ್ತೋಕಾಗಲಿಲ್ಲ. "ಕೇಳಪ್ಪ," ಅಂದ. "ಅರ್ಧ ರಾಜ್ಯ ನಿಂದು. ಮಗಳ ವಿಷ್ಯ ಅವಳನ್ನೇ ಕೇಳಿಕೊ."

"ರಾಜ್ಯ ಬೇಡ ಬುದ್ಧಿ. ತಾಯಿಯೋರು ಅಕ್ಕ ಕೊಟ್ಟ ಪ್ರಾಣದಲ್ಲಿ ಬದುಕವ್ರೆ, ನಂಗೆ ಅಕ್ಕನಂಗೇ ಇರಲಿ. ಸೆರೆಮನೇಲಿರೋ ಮೀಸೆ ಸ್ವಾಮಿಗಳನ್ನೆಲ್ಲ ಮನೆಗೆ ಕಳಿಸಿ. ಡಂಗುರ ತಿರುಗಿ ಹೊಡೆಸಿ, ಸಾಕಿ ತಪ್ಪಿಲ್ಲ ಅಂತ. ಆಮೇಲೆ ಆ ಗೂಟದ ಬೆಳ್ಳಿ ಸುಲಿಸಿ. ಗಾಣದ ಬಾಯಿಗೆ ಯಾರು ಕೈ ಹಾಕ್ತಾರೋ ಅವರೇ ಮೊದಲು ಗೂಟ ಕಿತ್ತು ಸೊಂಟಕ್ಕೆ ಸಿಕ್ಕಿಸ್ಕೊಬೇಕು. ಅವರೇ ತಿರುಗಿ ಹಾಕೋತನಕ ರಾಜನೂ ಗೂಟ ಕೇಳಕೂಡದು."

ಅವತ್ತು ಸಂಜೆ ನಾಗಲಾಂಬೆ ಎಡಗೈಯಲ್ಲೇ ಗೂಟ ಕಿತ್ತಳು. ಎತ್ತು ಸುಮ್ಮನೆ ಸುತ್ತಿದ್ವು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಊರಿಗೆ ಗುಬ್ಬಿ ಸದ್ದು ಕೇಳಿಸ್ತು. ಡಂಗುರದೋನು ಬೀದಿ ಬೀದಿಯಲ್ಲಿ ಸಾಕಿ ಹೆಸರು ಕೂಗ್ತಾ ಬಂದ.

ಸಣ್ಣೀರ ಮನೆ ಮುಟ್ಟೋ ಹೊತ್ತಿಗೆ ಅವ್ವ ಬಾಗಿಲಿಗೆ ಓಡಿ ಬಂದಿದ್ದಳು. "ಗಾಣ ನಿಂತದಲ್ಲೋ! ಯಾರು ಹೋದ್ರೋ?"

"ಯಾರೂ ಇಲ್ಲ ಕಣವ್ವ. ಉರುಳೆಗೆ ಸಿಪ್ಪೆ ಸಿಕ್ಕಿತ್ತು. ತೆಗೆಯೋಕೆ ಅಂತ ನಿಲ್ಸವ್ರೆ."

"ಅಷ್ಟಕ್ಕೇ?"

"ಅಷ್ಟಕ್ಕೇ."

ಅವ್ವ ಹೊಸಲ ಮೇಲೆ ಕುಸಿದು ಕೂತಳು. "ಅಷ್ಟಕ್ಕೂ ನಿಲ್ಸಬೋದಾಗಿತ್ತಾ ಮಗ?" ಅಂದಳು.