ಹಿಂದೆ ಹಾಡುತ್ತಾ ಬಂದವನು

"ಗುರುಗಳೇ, ಗಂಡ ಹೆಂಡತಿ ಇಬ್ಬರೂ ಒಂದೇ ದಾರಿ ಹಿಡಿದಿರುವಾಗ ಒಬ್ಬರು ಹಿಂದೆ ಬಿದ್ದರೆ ಏನು ಮಾಡಬೇಕು?" ಎಂದು ಷಡಕ್ಷರಿ ಕೇಳಿದನು.

ಷಡಕ್ಷರಿ ಸಂಸಾರಿ. ಬಡಾವಣೆಯ ಅಂಚಿನಲ್ಲಿದ್ದ ಚಿಕ್ಕ ಮಠಕ್ಕೆ ಪ್ರತಿ ಸೋಮವಾರ ಬರುತ್ತಿದ್ದನು. ಗುರುಗಳು ಅವನಿಗೂ ಅವನ ಹೆಂಡತಿಗೂ ಒಂದೇ ದಿನ ಧ್ಯಾನ ಹೇಳಿಕೊಟ್ಟಿದ್ದರು.

"ಹಿಂದೆ ಬಿದ್ದವರು ಯಾರು?" ಎಂದರು ಗುರುಗಳು.

"ನನ್ನ ಮನೆಯವಳು. ಬೆಳಿಗ್ಗೆ ನಾನು ಕೂತರೆ ಒಂದು ಗಂಟೆ ಅಲುಗಾಡುವುದಿಲ್ಲ. ಅವಳು ಹತ್ತು ನಿಮಿಷಕ್ಕೇ ಎದ್ದುಬಿಡುತ್ತಾಳೆ. ಅವಳಿಗೆ ಇದು ಒಗ್ಗುವಂತೆ ಕಾಣುವುದಿಲ್ಲ. ಬಿಟ್ಟುಬಿಡು ಎಂದು ಹೇಳಲೇ?"

ಗುರುಗಳಿಗೆ ಕೋಪ ಬರುವುದು ಅಪರೂಪ. ಬಂದರೆ ಕತೆ ಹೇಳುತ್ತಿದ್ದರು. ಅಂದು ಈ ಕತೆ ಹೇಳಿದರು.

ಊರಿನ ಮೂಡಲಿಗೆ ಹೊಸ ಬಡಾವಣೆ. ಅಲ್ಲಿ ಒಬ್ಬ ಗುಮಾಸ್ತನಿದ್ದನು. ಅವನ ಕಚೇರಿ ಊರಿನ ಪಡುವಲಿಗೆ, ಎಂಟು ಮೈಲಿ ದೂರ. ಬಸ್ಸಿನಲ್ಲಿ ಹೋಗಿಬರುತ್ತಿದ್ದನು. ವೈಶಾಖದಲ್ಲಿ ಅವನ ಮದುವೆಯಾಯಿತು. ಹುಡುಗಿಯ ಜೊತೆ ಬೀರು ಬಂತು, ಮಂಚ ಬಂತು. ಅವೆರಡರ ನಡುವೆ ಹಗ್ಗ ಬಿಗಿಸಿಕೊಂಡು ಅವಳ ಹಳೆಯ ಸೈಕಲ್ಲೂ ಬಂತು. ನೆಂಟರೆಲ್ಲ ನಕ್ಕರು.

ಹುಡುಗಿಗೂ ಪಡುವಲಲ್ಲೇ ಕೆಲಸ, ಹೊಲಿಗೆ ಕಲಿಸುವ ಶಾಲೆಯಲ್ಲಿ. ಅವಳು ಸೈಕಲ್ಲಿನಲ್ಲೇ ಹೋಗುತ್ತೇನೆಂದಳು. ಹೊಸ ಹೆಂಡತಿ ಒಬ್ಬಳೇ ಹೋಗುವುದುಂಟೇ? ಗುಮಾಸ್ತನೂ ಒಂದು ಸೈಕಲ್ಲು ಕೊಂಡನು. "ನೀನು ಮುಂದೆ ಹೋಗು, ನಾನು ಹಿಂದಿನಿಂದ ಕಾವಲು ಬರುತ್ತೇನೆ" ಎಂದನು. ಹಾಗೆ ಹೇಳಿದ್ದು ಅವನಿಗೇ ಬಹಳ ಇಷ್ಟವಾಯಿತು.

ಜ್ಯೇಷ್ಠ ಹುಟ್ಟಿತು. ಪಡುವಣ ಗಾಳಿ ಎದ್ದಿತು. ಹುಡುಗಿ ಆಗಾಗ ತಿರುಗಿ, "ಇನ್ನೂ ಹತ್ತಿರ ಬನ್ನಿ, ನನ್ನ ಬೆನ್ನಿಗೇ ಬನ್ನಿ" ಎನ್ನುತ್ತಿದ್ದಳು. ಪಾಪ, ದಾರಿಯಲ್ಲಿ ಲಾರಿಗಳಿಗೆ ಹೆದರುತ್ತಾಳೆ ಎಂದುಕೊಂಡು ಅವನು ಒಂದು ಗಾಲಿಯಷ್ಟು ಅಂತರದಲ್ಲಿ ಹಿಂಬಾಲಿಸುತ್ತಿದ್ದನು. ನೆಟ್ಟಗೆ ಕೂತು, ಬಾಯಿಗೆ ಬಂದ ಹಾಡು ಹೇಳಿಕೊಂಡು ಹೋಗುತ್ತಿದ್ದನು. ಭಾನುವಾರ ಕೆಲಸವಿಲ್ಲದಿದ್ದರೂ ಇಬ್ಬರೂ ಕೆರೆಯ ತನಕ ಸುಮ್ಮನೆ ಹೋಗಿಬರುವರು. ಆಗಲೂ ಅವಳೇ ಮುಂದೆ, ಅವನೇ ಹಿಂದೆ.

ಶಾಲೆಯ ಬಾಗಿಲಲ್ಲಿ ಇಳಿಯುವಾಗ ಅವಳಿಗೆ ಏದುಸಿರು. ಮುಖವೆಲ್ಲ ಬೆವರು. ಇವನ ಅಂಗಿಯ ಇಸ್ತ್ರಿ ಕೂಡ ಕೆಟ್ಟಿರುತ್ತಿರಲಿಲ್ಲ. ನಿತ್ಯವೂ ಇದನ್ನು ನೋಡಿ ನೋಡಿ ಗುಮಾಸ್ತನಿಗೆ ಮರುಕ ಬಂತು. ಆ ಮರುಕ ಸುಳ್ಳಲ್ಲ. ಅವನು ಅವಳನ್ನು ಬಹಳ ಪ್ರೀತಿಸುತ್ತಿದ್ದನು.

"ನಿನಗೆ ಸೈಕಲ್ಲು ಆಗಿಬರುವುದಿಲ್ಲ" ಎಂದನು ಒಂದು ದಿನ. "ಆಷಾಢ ಕಳೆದು ಬಂದ ಮೇಲೆ ಬಸ್ಸಿನಲ್ಲಿ ಹೋಗು. ಸೈಕಲ್ಲನ್ನು ನಮ್ಮ ಅಕ್ಕನ ಮಗಳಿಗೆ ಕೊಟ್ಟುಬಿಡೋಣ."

ಅವಳು ಸೈಕಲ್ಲಿನ ಕಡೆ ಒಮ್ಮೆ ನೋಡಿದಳು. ಆಮೇಲೆ "ನೀವು ಹೇಳಿದ ಹಾಗೇ ಆಗಲಿ" ಎಂದಳು.

ಮೊದಲ ಆಷಾಢಕ್ಕೆ ಸೊಸೆ ತವರಿಗೆ ಹೋಗಬೇಕು. ಆ ತಿಂಗಳು ಅಳಿಯನು ಅತ್ತೆಯ ಮನೆಯ ಹೊಸ್ತಿಲು ದಾಟಬಾರದು. ಹುಡುಗಿ ಶಾಲೆಗೆ ರಜೆ ಹಾಕಿದಳು. ಹೊರಡುವ ದಿನ ತನ್ನ ಸೈಕಲ್ಲನ್ನು ಒರೆಸಿ, ಚೈನಿಗೆ ಎಣ್ಣೆ ಬಿಟ್ಟಳು. ಬೇರೆಯವರ ಮನೆಗೆ ಹೋಗುವ ವಸ್ತುವೆಂದು ಅಷ್ಟು ಚೊಕ್ಕ ಮಾಡಿದ್ದಳು. ಇದು ಗಂಡನಿಗೆ ಆಗ ತಿಳಿಯಲಿಲ್ಲ.

ಮರುದಿನ ಗುಮಾಸ್ತನು ಒಬ್ಬನೇ ಹೊರಟನು. ಎರಡು ಮೈಲಿಗೇ ತೊಡೆ ಸೋತಿತು. ಕಚೇರಿಗೆ ತಡವಾಯಿತು. ಮೂರನೆಯ ದಿನ ಅಂಗಿ ಒದ್ದೆಮುದ್ದೆಯಾಗಿ ಸಾಹೇಬರ ಮುಂದೆ ನಿಂತನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನಿಗೆ ಸೈಕಲ್ಲು ಡೊಂಕಾಗಿ ಕಂಡಿತು. ನಾಲ್ಕನೆಯ ದಿನ ಅದನ್ನು ಮನೆಯಲ್ಲಿ ಬಿಟ್ಟು ಹೆಂಡತಿಯ ಸೈಕಲ್ಲು ಹತ್ತಿದನು. ಅದು ಇನ್ನೂ ಭಾರವಾಗಿತ್ತು. ಅರ್ಧ ದಾರಿಯ ಸೈಕಲ್ ಶಾಪಿನಲ್ಲಿ ಇಳಿದು, "ಎರಡು ಸೈಕಲ್ಲೂ ಒಟ್ಟಿಗೇ ಕೆಟ್ಟಿವೆ. ಬ್ರೇಕು ಗಾಲಿಗೆ ಉಜ್ಜುತ್ತಿರಬೇಕು, ನೋಡಿ" ಎಂದನು.

ಶಾಪಿನ ಮುದುಕನು ಹಿಂದಿನ ಗಾಲಿಯನ್ನು ಎತ್ತಿ ತಿರುಗಿಸಿ ಬಿಟ್ಟನು. ಅದು ತಿರುಗುತ್ತಲೇ ಇತ್ತು. ನಿಲ್ಲುವ ಲಕ್ಷಣವೇ ಕಾಣಲಿಲ್ಲ.

"ಸೈಕಲ್ಲಿಗೇನಾಗಿಲ್ಲ ಸ್ವಾಮಿ. ಗಾಳಿ ಹಂಗೈತೆ" ಎಂದನು.

"ಹೋದ ತಿಂಗಳೂ ಗಾಳಿ ಇತ್ತಲ್ಲ? ಆಗ ನನಗೆ ಒಂದು ಹನಿ ಬೆವರು ಬಂದಿರಲಿಲ್ಲ."

"ಆವಾಗ ಆ ತಾಯಿ ಮುಂದೆ ಹೋಗ್ತಿದ್ರಲ್ಲ! ದಿನಾ ಇಲ್ಲಿಂದ ನೋಡ್ತಿದ್ದೆ. ಗಾಳೀನೆಲ್ಲ ಅವರು ಎದೆ ಮೇಲೆ ತಗೊಂಡು ಬಗ್ಗಿ ತುಳಿಯೋರು. ನೀವು ಹಿಂದೆ ನೆಟ್ಟಗೆ ಕುಂತ್ಕೊಂಡು ಹಾಡ್ಕೊಂಡು ಬರ್ತಿದ್ರಿ."

ಗುಮಾಸ್ತನಿಗೆ ಕಿವಿ ಬಿಸಿಯಾಯಿತು. 'ಬೆನ್ನಿಗೇ ಬನ್ನಿ' ಎಂದು ಅವಳು ಕರೆದದ್ದು ತನ್ನ ಭಯಕ್ಕಲ್ಲ, ಗಂಡನ ಸುಖಕ್ಕೆ. ಅಂಥವಳಿಗೆ ಸೈಕಲ್ಲು ಆಗಿಬರುವುದಿಲ್ಲ ಎಂದು ತೀರ್ಪು ಕೊಟ್ಟಿದ್ದನು. ಅದೂ ಪ್ರೀತಿಯಿಂದ! ಅವನಿಗೆ ಅಳು ಬಂತು. ಮುದುಕನ ಎದುರಿಗೆ ಅಳಲಾರದೆ ಬಗ್ಗಿ ಚಪ್ಪಲಿ ಸರಿಮಾಡಿಕೊಂಡನು.

ಭಾನುವಾರ ಬೆಳಗಾಗುತ್ತಲೇ ಹೆಂಡತಿಯ ಸೈಕಲ್ಲು ಹತ್ತಿ ಅವಳ ತವರಿಗೆ ಹೊರಟನು. ತವರೂ ಪಡುವಲಿಗೇ, ಹದಿನೆಂಟು ಮೈಲಿ. ಗಾಳಿ ಅವನನ್ನು ಮೂರು ಕಡೆ ಇಳಿಸಿ ತಳ್ಳಿಸಿತು. ಅತ್ತೆಯ ಮನೆ ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದನು. ಅಳಿಯನನ್ನು ಕಂಡು ಅತ್ತೆ ಗಾಬರಿಯಾಗಿ ಒಳಗೇ ಉಳಿದಳು. ಒಳಗೆ ಬನ್ನಿ ಎನ್ನುವಂತಿಲ್ಲ, ಹೋಗಿ ಎನ್ನುವಂತೆಯೂ ಇಲ್ಲ. ಮಗಳ ಕೈಯಲ್ಲಿ ಒಂದು ಚೊಂಬು ಮಜ್ಜಿಗೆ ಕೊಟ್ಟು ಅಂಗಳಕ್ಕೆ ಕಳಿಸಿದಳು.

ಅವನು ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ನಿಂತಿದ್ದನು. ಮಾತಾಡಲು ಉಸಿರಿರಲಿಲ್ಲ. ಮಜ್ಜಿಗೆ ಕುಡಿದ ಮೇಲೆ, "ಇದನ್ನು ಯಾರಿಗೂ ಕೊಡುವುದಿಲ್ಲ. ನಿನಗೇ ತಂದಿದ್ದೇನೆ" ಎಂದನು. ಆಮೇಲೆ, "ಇಷ್ಟು ಕಷ್ಟ ಇದೆ ಅಂತ ನನಗೆ ಒಂದು ಮಾತು ಹೇಳಬಾರದಿತ್ತಾ?" ಎಂದನು.

ಹುಡುಗಿ ಸೆರಗಿನಿಂದ ಸೈಕಲ್ಲಿನ ಹ್ಯಾಂಡಲ್ಲು ಒರೆಸಿದಳು.

"ಹೇಳಿದ್ರೆ ನೀವು ಮುಂದೆ ಬಂದ್ಬಿಡ್ತಿದ್ರಿ. ಮುಂದೆ ಬಂದಿದ್ರೆ ಹಾಡು ನಿಂತುಹೋಗ್ತಿತ್ತು. ನೀವು ಹಾಡ್ತಿದ್ರೆ ನಂಗೆ ದಾರಿ ಸವೆದಿದ್ದೇ ಗೊತ್ತಾಗ್ತಿರಲಿಲ್ಲ ರೀ."

ಅವನು ಬಸ್ಸಿನಲ್ಲಿ ಮನೆಗೆ ಮರಳಿದನು. ಆಷಾಢದ ಉಳಿದ ದಿನಗಳನ್ನು ಎದುರುಗಾಳಿಯಲ್ಲಿ ಒಬ್ಬನೇ ತುಳಿದನು. ಶ್ರಾವಣದಲ್ಲಿ ಅವಳು ಬಂದಳು. ಅಲ್ಲಿಂದ ಮುಂದೆ ಅರ್ಧ ದಾರಿ ಅವಳು ಮುಂದೆ, ಅರ್ಧ ದಾರಿ ಅವನು ಮುಂದೆ. ಅವನು ಮುಂದಿರುವಾಗ ಹಾಡುವ ಸರದಿ ಅವಳದು. ಅವಳ ಕಂಠ ಅಷ್ಟಕ್ಕಷ್ಟೆ. ಆದರೂ ಅವನು ಒಂದು ದಿನವೂ ಸಾಕು ಎನ್ನಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಷಡಕ್ಷರಿ ತಲೆದೂಗಿದನು. ಕತೆ ಅವನಿಗೆ ಹಿಡಿಸಿತ್ತು.

"ಒಳ್ಳೆಯ ಹುಡುಗಿ" ಎಂದನು. "ಗುಮಾಸ್ತನಿಗೆ ಕಣ್ಣಿದ್ದೂ ಕಾಣಲಿಲ್ಲ. ಆದರೆ ಗುರುಗಳೇ, ನನ್ನ ಮನೆಯವಳ ವಿಷಯ ಹೇಳಲಿಲ್ಲ."

ಗುರುಗಳು ಮೆಲ್ಲನೆ ಅವನ ಹೆಗಲ ಮೇಲೆ ಕೈಯಿಟ್ಟು ಕೇಳಿದರು:

"ಬೆಳಿಗ್ಗೆ ನೀನು ಕಣ್ಣು ಮುಚ್ಚಿ ಕೂತಿರುವಾಗ ಹಾಲಿನವನು ಬಂದರೆ, ಅವನು ಬಾಗಿಲು ಬಡಿಯುವ ಮೊದಲೇ ಎದ್ದು ಹೋಗಿ ತೆಗೆಯುವವರು ಯಾರಪ್ಪಾ?"