ಅಸ್ತು ದೇವತೆಗಳಿಗೆ ಹೆದರಿದ ವರ್ತಕ

"ಗುರುಗಳೇ, ಇನ್ನು ಮೇಲೆ ಒಳ್ಳೆಯ ಮಾತನ್ನಷ್ಟೇ ಆಡಬೇಕೆಂದಿದ್ದೇನೆ. 'ಇಲ್ಲ', 'ಸೋಲು', 'ನೋವು', ಇಂಥ ಮಾತುಗಳು ಭಾಷೆಗೆ ಏಕೆ ಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

"ನಿನ್ನೆ ಸಾರಿಗೆ ಉಪ್ಪಿಲ್ಲ ಎಂದು ಮಠಕ್ಕೆಲ್ಲ ಕೇಳುವಂತೆ ಹೇಳಿದವನು ನೀನೇ ತಾನೇ?" ಎಂದರು ಗುರುಗಳು. ಆಮೇಲೆ ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಮನೆಯ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನಾವು ಏನು ನುಡಿದರೂ ಅಸ್ತು ಎಂದುಬಿಡುತ್ತಾರೆ, ಅದು ಹಾಗೆಯೇ ಆಗಿಬಿಡುತ್ತದೆ ಎಂದು ಅವನ ತಾಯಿ ಹೇಳಿದ್ದಳು. ಎಲ್ಲ ಮನೆಯಲ್ಲೂ ಹೇಳುವ ಮಾತೇ. ಇವನು ಮಾತ್ರ ಅದನ್ನು ಬಿಗಿಯಾಗಿ ಹಿಡಿದುಕೊಂಡ. ಅಕ್ಕಿ ಮುಗಿದಿದ್ದರೂ ಮಡಕೆ ತುಂಬಿದೆ ಎನ್ನಬೇಕು. ಹೊಟ್ಟೆ ನೋಯುತ್ತಿದ್ದರೂ ಹಾಯಾಗಿದೆ ಎನ್ನಬೇಕು. ಪಾಪ, ಅವನ ಹೆಂಡತಿ ದಿನವೂ ಮಡಕೆಗೆ ಕೈ ಹಾಕಿ ನೋಡಿಯೇ ಒಲೆ ಹೊತ್ತಿಸುತ್ತಿದ್ದಳು.

ಅವರ ಒಬ್ಬಳೇ ಮಗಳಿಗೆ ಜ್ವರ ಬಂತು. ಪಕ್ಕದ ಊರಿನ ವೈದ್ಯ ಮುದುಕ, ಮಂಡಿನೋವಿನಿಂದ ಹೊಸಿಲು ದಾಟಲಾರ. ಮನೆಯವರು ಬಂದು ಹೇಳಿದ್ದನ್ನು ಕೇಳಿಯೇ ಔಷಧ ಕೊಡುತ್ತಿದ್ದ. ಮೂರು ದಿನವೂ ವರ್ತಕ ಹೋಗಿ ಜ್ವರ ಇಳಿದಿದೆ ಎಂದ. ಮೂರು ದಿನವೂ ವೈದ್ಯ ಔಷಧ ಕಡಿಮೆ ಮಾಡಿದ. ನಾಲ್ಕನೆಯ ದಿನ ಮಗು ಕಣ್ಣು ತೆರೆಯಲಿಲ್ಲ. ವರ್ತಕ ವೈದ್ಯನಲ್ಲಿಗೆ ಓಡಿ ಬಂದ.

"ಇಳಿದಿದೆ," ಎಂದ. ಅವನ ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ವೈದ್ಯ ಆ ಬರಿಗಾಲನ್ನು ನೋಡಿದ. ಎರಡು ಪೊಟ್ಟಣ ತೆಗೆದು ಮುಂದಿಟ್ಟ. "ಜ್ವರ ಏರಿದ್ದರೆ ಇದು, ಇಳಿದಿದ್ದರೆ ಅದು. ಒಂದರ ಬದಲು ಇನ್ನೊಂದು ಕೊಟ್ಟರೆ ಮಗು ಉಳಿಯುವುದಿಲ್ಲ. ಯಾವುದನ್ನು ಒಯ್ಯುತ್ತೀ, ಹೇಳಪ್ಪ."

ವರ್ತಕ ಸೂರಿನ ಕಡೆ ನೋಡಿದ. ತನ್ನ ಬಾಯಿಂದಲೇ ಮಗಳನ್ನು ಕೊಂದಂತಾಗುತ್ತದೆಯೇನೋ ಎಂದು ಅವನಿಗೆ ಭಯ. ಆಮೇಲೆ ತಡೆಯಲಾರದೆ ಅತ್ತುಬಿಟ್ಟ.

"ಏರಿದೆ ಸ್ವಾಮಿ. ನನ್ನ ಮಗು ಚೆನ್ನಾಗಿಲ್ಲ."

ವೈದ್ಯ ಮೊದಲ ಪೊಟ್ಟಣವನ್ನು ಅವನ ಕೈಗಿಟ್ಟ.

ವಾರ ಕಳೆದು ವರ್ತಕ ಮತ್ತೆ ಬಂದ. "ಇಳಿದಿದೆ," ಎಂದ. ವೈದ್ಯ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಔಷಧ ನಿಲ್ಲಿಸಿ, ಇಂದಿನಿಂದ ಮಗುವಿಗೆ ಅನ್ನ ಹಾಕು ಎಂದ.

ಕತೆ ಮುಗಿಯಿತು. ಶಿಷ್ಯ ಕೇಳಿದ, "ಹಾಗಾದರೆ ಮಗುವನ್ನು ಉಳಿಸಿದ್ದು ಆ ಕೆಟ್ಟ ಮಾತೇ?"

"ಮಗುವನ್ನು ಉಳಿಸಿದ್ದು ಔಷಧ, 'ಏರಿದೆ' ಎಂಬ ಮಾತು ಉಳಿಸಿದ್ದು 'ಇಳಿದಿದೆ' ಎಂಬ ಮಾತಿನ ಬೆಲೆಯನ್ನು," ಎಂದರು ಗುರುಗಳು.