ನೀರಿನಲ್ಲಿ ಕಂಡ ಹೊಗೆ

ಬೆಟ್ಟದ ಬುಡದಲ್ಲಿ ಒಂದು ಕೆರೆ, ಕೆರೆಯ ದಡದಲ್ಲಿ ಒಂದು ಆಶ್ರಮ. ಧ್ಯಾನ ಕಲಿಯುತ್ತೇನೆ ಎಂದು ಅಲ್ಲಿಗೆ ಬಂದ ಸುಕನ್ಯಾ, ಧ್ಯಾನಕ್ಕಿಂತ ಹೆಚ್ಚು ಹೊತ್ತು ಕೂರುತ್ತಿದ್ದದ್ದು ಕೆರೆಯ ಮುಂದೆ, ಕ್ಯಾಮೆರಾ ಹಿಡಿದು.

ಬೆಳಕು ಹರಿದು ಗಾಳಿ ಏಳುವ ಮುಂಚೆ ಬೆಟ್ಟ ಇಡಿಯಾಗಿ ನೀರಿಗೆ ಇಳಿಯುತ್ತಿತ್ತು. ಅವಳು ಫೋಟೊ ತೆಗೆಯಬೇಕು, ಸರಿಯಾಗಿ ಅದೇ ಹೊತ್ತಿಗೆ ಗುರುಗಳು ಬಂದು ಅಕ್ಕಿ ತೊಳೆಯಬೇಕು. ನೀರಿನ ಬೆಟ್ಟ ಚೂರುಚೂರಾಗುತ್ತಿತ್ತು.

“ಗುರುಗಳೇ, ಒಂದು ಗಳಿಗೆ ತಡೀಬಾರದಾ?”

“ನಾನು ತಡೀತೀನಮ್ಮ. ಹೊಟ್ಟೆ ತಡೀಬೇಕಲ್ಲ.”

ಬೇಕೆಂದೇ ಹೀಗೆ ಮಾಡುತ್ತಾರೆ ಎಂದು ಅವಳಿಗೆ ಗುಮಾನಿ. ಆ ಗುಮಾನಿ ಸುಳ್ಳೇನೂ ಅಲ್ಲ.

ಒಂದು ದಿನ ಗುರುಗಳು ಅವಳ ಫೋಟೊಗಳನ್ನು ನೋಡಲು ಕೇಳಿದರು. ಒಂದರಲ್ಲೂ ನಿಜವಾದ ಬೆಟ್ಟವಿಲ್ಲ. ಎಲ್ಲದರಲ್ಲೂ ನೀರು, ನೀರಿನಲ್ಲಿ ತಲೆಕೆಳಗಾದ ಬೆಟ್ಟ, ಅದರ ನೆತ್ತಿಯ ಹತ್ತಿರ ತೆಳ್ಳಗೆ ಒಂದು ಬಿಳಿ ಗೆರೆ.

“ಇದೇನಮ್ಮ, ಗೀರು ಬಿದ್ದಿದೆ?”

“ಗೀರಲ್ಲ. ಹೊಗೆ. ನಮ್ಮಮ್ಮನ ಒಲೆಯ ಹೊಗೆ.”

ಸುಕನ್ಯಾ ಇನ್ನೂ ಲಂಗ ಉಡುವ ವಯಸ್ಸಿನಲ್ಲಿದ್ದಾಗ ತಾಯಿ ಮನೆ ಬಿಟ್ಟು, ತಪಸ್ಸಿಗೆಂದು ಆ ಬೆಟ್ಟ ಹತ್ತಿ, ನೆತ್ತಿಯ ಕೆಳಗೊಂದು ಗುಡಿಸಲು ಕಟ್ಟಿಕೊಂಡಿದ್ದಳು. ಆಮೇಲೆ ಇಳಿದು ಬರಲಿಲ್ಲ. ಮಗಳನ್ನು ಕರೆಸಿಕೊಳ್ಳಲೂ ಇಲ್ಲ. ಗುರುಗಳಿಗೆ ಇದೆಲ್ಲ ಗೊತ್ತಿತ್ತು. ಆದರೂ ಹೊಸದಾಗಿ ಕೇಳುವವರಂತೆ ಕೇಳಿಸಿಕೊಂಡರು.

“ಬೆಟ್ಟ ಎದುರಿಗೇ ಇದೆ. ನೀರಲ್ಲಿ ಯಾಕೆ ಹುಡುಕ್ತೀಯಾ?”

ಅವಳು ಕ್ಯಾಮೆರಾವನ್ನು ಮಡಿಲಿಗೆ ಎಳೆದುಕೊಂಡಳು.

“ತಲೆ ಎತ್ತಿ ನೋಡಿದ್ರೆ ಹೋಗ್ಬೇಕು ಅನ್ಸುತ್ತೆ. ನೀರಲ್ಲಾದ್ರೆ ನೋಡ್ಕೊಂಡು ಕೂತಿರಬಹುದು.”

“ಹೋಗು ಮತ್ತೆ. ದಾರಿ ಇದೆಯಲ್ಲ.”

“ಬಿಟ್ಟು ಹೋದವಳು ಅವಳು. ಅವಳೇ ಕರೀಲಿ.” ಆಮೇಲೆ ಅವಳ ದನಿ ತಗ್ಗಿತು. “ಹೋದಾಗ, ಯಾರಮ್ಮ ನೀನು ಅಂತ ಕೇಳಿಬಿಟ್ರೆ?”

ಗುರುಗಳು ಅಕ್ಕಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಅವಳಿಗೆ ಅಮ್ಮ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ನೀರು ನಿಂತಾಗಲೆಲ್ಲ ಆ ಬಿಳಿ ಎಳೆಯನ್ನು ಮುಟ್ಟಲು ಕೈ ಚಾಚಿ, ತಾನೇ ಬೆಟ್ಟವನ್ನು ಕದಡಿಬಿಡುತ್ತಿದ್ದಳು. ಅದಕ್ಕೆ ಮಾತ್ರ ಯಾರನ್ನೂ ಬೈಯುವಂತಿರಲಿಲ್ಲ.

ಒಂದು ಬೆಳಿಗ್ಗೆ ಗುರುಗಳು ಅಕ್ಕಿ ತೊಳೆಯಲು ಬರಲಿಲ್ಲ. ಗಾಳಿಯೂ ಬರಲಿಲ್ಲ. ಕೆರೆ ಹಾಗೆ ನಿಂತದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಬೆಟ್ಟದ ಒಂದೊಂದು ಬಂಡೆಯೂ ನೀರಿನಲ್ಲಿ ಎಣಿಸುವಷ್ಟು ಸ್ಪಷ್ಟವಾಗಿತ್ತು.

ಅವಳು ಕ್ಯಾಮೆರಾಕ್ಕೆ ಕಣ್ಣು ಕೊಟ್ಟಳು. ಬಿಳಿ ಎಳೆ ಇರಲಿಲ್ಲ.

ಕಾದಳು. ಬೆಟ್ಟದ ನೆತ್ತಿಗೆ ಬಿಸಿಲು ಬಂತು. ಹೊಗೆ ಏಳಲಿಲ್ಲ.

ಆಗ ತಲೆ ಎತ್ತಿ ಬೆಟ್ಟವನ್ನೇ ನೋಡಿದಳು. ಎಷ್ಟು ದೊಡ್ಡದಾಗಿತ್ತು ಅದು! ಎಲ್ಲೋ ಎತ್ತರದಲ್ಲಿ, ಚುಕ್ಕೆಯಷ್ಟು ಗುಡಿಸಲು. ಅಲ್ಲಿಯೂ ಹೊಗೆ ಇರಲಿಲ್ಲ.

ಅವಳು ಆಶ್ರಮದ ಅಡುಗೆಮನೆಗೆ ಓಡಿದಳು. ಗುರುಗಳು ಒಲೆ ಊದುತ್ತಿದ್ದರು.

“ಗುರುಗಳೇ, ಹೊಗೆ ಇಲ್ಲ!”

“ನೀರು ಇವತ್ತು ಚೆನ್ನಾಗಿ ನಿಂತಿತ್ತಲ್ಲ. ಫೋಟೊ ಬಂತಾ?”

“ಫೋಟೊ ಹಾಳಾಗಿ ಹೋಗ್ಲಿ! ಅಮ್ಮನ ಒಲೆ ಉರೀತಿಲ್ಲ.”

ಗುರುಗಳು ಊದುವ ಕೊಳವೆ ಕೆಳಗಿಟ್ಟರು. ಇಕ್ಕಳದಿಂದ ಕೆಂಡಗಳನ್ನು ಆರಿಸಿ ಒಂದು ಮಣ್ಣಿನ ಗಡಿಗೆಗೆ ಹಾಕಿ, ಮೇಲೆ ಬೂದಿ ಮುಚ್ಚಿದರು. ಗಡಿಗೆಗೆ ದಪ್ಪ ಬಟ್ಟೆ ಸುತ್ತಿ ಅವಳ ಮುಂದೆ ಹಿಡಿದರು.

“ಆರಿರಬೇಕು. ಕೆಂಡ ತಗೊಂಡು ಹೋಗು.”

ಗಡಿಗೆ ಹಿಡಿಯಲು ಎರಡೂ ಕೈ ಬೇಕಿತ್ತು. ಅವಳು ಕೊರಳಿನಿಂದ ಕ್ಯಾಮೆರಾ ತೆಗೆದು ಗುರುಗಳಿಗೆ ಕೊಟ್ಟಳು. ಬಟ್ಟೆಯ ಮೇಲಿಂದಲೂ ಅಂಗೈಗೆ ಬಿಸಿ ತಾಕಿತು.

ಕೆರೆಯ ಪಕ್ಕದ ದಾರಿ ಬೆಟ್ಟಕ್ಕೆ ತಿರುಗುವಲ್ಲಿ ಅವಳ ಕಾಲು ನಿಂತುಬಿಟ್ಟಿತು.

“ಗುರುಗಳೇ, ಅಲ್ಲಿ ಅಮ್ಮ ಇಲ್ದೇ ಹೋದ್ರೆ?”

ಗುರುಗಳು ಆಗಲೇ ದಡದಲ್ಲಿ, ಅವಳು ದಿನವೂ ಕೂರುತ್ತಿದ್ದ ಕಲ್ಲಿನ ಮೇಲೆ ಕೂತಾಗಿತ್ತು.

“ಇದ್ರೆ ಅವಳು ಒಲೆ ಹೊತ್ತಿಸ್ತಾಳೆ. ಇಲ್ದಿದ್ರೆ ನೀನು ಹೊತ್ತಿಸು ಮಗೂ. ನಾನು ಇಲ್ಲೇ ಕೂತು ಹೊಗೆ ನೋಡ್ತಿರ್ತೀನಿ.”